ಮರುಭೂಮಿಯ ಕಡಲಂಚಿನಲ್ಲಿ ಸ್ಪೋರ್ಟ್ಸ್ ಕಾರು: ದಾವಣಗೆರೆ, ಚಿತ್ರದುರ್ಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಒಮಾನ್ ದೇಶದ ರಾಜಧಾನಿ ಮಸ್ಕತ್‌ನಿಂದ ಸೂರ್ ಪಟ್ಟಣಕ್ಕೆ, ಅಲ್ಲಿಂದ ಅಲ್ ಅಶ್ಖರಾಕ್ಕೆ ಸಮುದ್ರದ ಮಗ್ಗುಲಲ್ಲೇ ಹೋಗುವ ರಸ್ತೆಯಲ್ಲಿ ಬಾಡಿಗೆ ಸ್ಪೋರ್ಟ್ಸ್ ಕಾರು ಓಡಿಸಬೇಕೆಂದಿರುವವರಿಗಾಗಿ ಈ ಪುಟ. ಪಿ.ಬಿ. ರಸ್ತೆಯ ಹೋಟೆಲುಗಳಲ್ಲಿ, ಮದುವೆ ಮನೆಗಳ ಊಟದ ಪಂಕ್ತಿಯಲ್ಲಿ, ದುರ್ಗದ ನೆಂಟರ ಫೋನಿನಲ್ಲಿ ನನಗೆ ಎದುರಾದ ಪ್ರಶ್ನೆಗಳನ್ನೇ ಇಲ್ಲಿ ಇಟ್ಟಿದ್ದೇನೆ. ಎಲ್ಲ ಪ್ರಶ್ನೆಗೂ ಒಂದೇ ಉದ್ದದ ಉತ್ತರವಿಲ್ಲ. ಕೆಲವಕ್ಕೆ ಎರಡು ಸಾಲು ಸಾಕು, ಕಾರು ಮತ್ತು ಮರಳಿನ ವಿಷಯಕ್ಕೆ ಎರಡು ಸಾಲು ಸಾಲದು.

ಪ್ರಶ್ನೆ: ಇಷ್ಟೆಲ್ಲ ದೇಶಗಳಿರುವಾಗ ಒಮಾನ್ ಏಕೆ?

ಮರುಭೂಮಿ ನೇರವಾಗಿ ಕಡಲಿಗೆ ಇಳಿಯುವ, ಜೊತೆಗೆ ಒಳ್ಳೆಯ ಡಾಂಬರು ರಸ್ತೆಯೂ ಇರುವ ಜಾಗಗಳು ಕಡಿಮೆ. ನಮೀಬಿಯಾದ ಸ್ವಾಕೋಪ್‌ಮುಂಡ್ ಮತ್ತು ವಾಲ್ವಿಸ್ ಬೇ ನಡುವೆ ಒಂದು ಕಡೆ ಅಟ್ಲಾಂಟಿಕ್, ಇನ್ನೊಂದು ಕಡೆ ಮರಳುದಿಬ್ಬಗಳಿರುವ ರಸ್ತೆಯಿದೆ. ಅಲ್ಲಿ ನಮ್ಮಂತೆಯೇ ಎಡಬದಿಯ ಸಂಚಾರ ಎನ್ನುವುದೂ ಅನುಕೂಲವೇ. ಆದರೆ ಆ ಸೊಗಸು ಮೂವತ್ತು ಚಿಲ್ಲರೆ ಕಿಲೋಮೀಟರಿಗೆ ಮುಗಿಯುತ್ತದೆ. ಆ ದೇಶದ ಉಳಿದ ರಸ್ತೆಗಳಲ್ಲಿ ಹೆಚ್ಚಿನವು ಜಲ್ಲಿಯವು, ತಗ್ಗು ಕಾರಿಗೆ ಹೇಳಿಸಿದ್ದಲ್ಲ. ಚಿಲಿಯಲ್ಲಿ ಇಕಿಕೆಯಿಂದ ಆಂಟೋಫಗಾಸ್ಟಾವರೆಗೆ ಅಟಕಾಮಾ ಮರುಭೂಮಿಯ ಬೆಟ್ಟಗಳ ಬುಡದಲ್ಲಿ ಪೆಸಿಫಿಕ್ ಸಾಗರವನ್ನು ಹಿಡಿದು ಹೋಗುವ ಹೆದ್ದಾರಿ ಇನ್ನೂ ಭವ್ಯ. ಏನು ಮಾಡುವುದು, ಅಲ್ಲಿಗೆ ಹೋಗಿ ಬರುವಷ್ಟರಲ್ಲೇ ನಮ್ಮ ರಜೆ ಕರಗಿರುತ್ತದೆ.

ಬೆಂಗಳೂರಿನಿಂದ ಮಸ್ಕತ್‌ಗೆ ನೇರ ವಿಮಾನವಿದೆ. ನಾಲ್ಕು ಗಂಟೆಯೊಳಗೆ ಇಳಿಯುತ್ತೀರಿ. ದಾವಣಗೆರೆಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣ ಮುಟ್ಟಲು ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುವ ದಿನಗಳೇ ಹೆಚ್ಚು, ಅದರಲ್ಲೂ ನೆಲಮಂಗಲ ಕೈಕೊಟ್ಟರೆ.

ಪ್ರಶ್ನೆ: ಪಕ್ಕದಲ್ಲೇ ಅಷ್ಟು ದೊಡ್ಡ ಸಮುದ್ರವಿದ್ದರೂ ಅಲ್ಲಿ ಮಳೆ ಏಕಿಲ್ಲ?

ಇದನ್ನು ಚಳ್ಳಕೆರೆಯವರು, ಮೊಳಕಾಲ್ಮೂರಿನವರು ಹೆಚ್ಚು ಕೇಳುತ್ತಾರೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳವರಿಗೆ ಈ ಕುತೂಹಲ ಸಹಜ. ಒಮಾನ್ ಇರುವ ಅಕ್ಷಾಂಶದಲ್ಲಿ ಮೇಲಿನ ಗಾಳಿ ವರ್ಷದ ಬಹುಭಾಗ ಕೆಳಗಿಳಿಯುತ್ತಿರುತ್ತದೆ. ಇಳಿಯುವ ಗಾಳಿ ಬಿಸಿಯಾಗಿ ಒಣಗುತ್ತದೆ, ಮೋಡ ಕಟ್ಟುವುದಿಲ್ಲ. ಇನ್ನು ಜೂನ್‌ನಲ್ಲಿ ನೈಋತ್ಯ ಮುಂಗಾರಿನ ಗಾಳಿ ಸೊಮಾಲಿಯಾ ಕಡೆಯಿಂದ ಎದ್ದು ಒಮಾನ್‌ನ ದಕ್ಷಿಣ ಕರಾವಳಿಗೆ ಬಹುಮಟ್ಟಿಗೆ ಸಮಾನಾಂತರವಾಗಿ ಬೀಸುತ್ತದೆ. ಅದು ಮೇಲ್ಪದರದ ನೀರನ್ನು ದಡದಿಂದ ಆಚೆಗೆ ತಳ್ಳುವುದರಿಂದ ಆಳದ ತಣ್ಣೀರು ಮೇಲೆ ಬರುತ್ತದೆ. ತಣ್ಣೀರಿನ ಮೇಲೆ ನಿಂತ ಗಾಳಿ ಎತ್ತರಕ್ಕೆ ಏರುವುದಿಲ್ಲ. ಮಂಜು, ತುಂತುರು ಮಳೆಯಷ್ಟೇ ಹುಟ್ಟುತ್ತದೆ, ಅದೂ ದಕ್ಷಿಣದ ಸಲಾಲಾ ಸುತ್ತಿನ ಬೆಟ್ಟಗಳಲ್ಲಿ ಮಾತ್ರ.

ಅದೇ ಗಾಳಿ ಅರಬ್ಬಿ ಸಮುದ್ರವನ್ನು ದಾಟುತ್ತ ನೀರು ಹೀರಿಕೊಂಡು ಸಹ್ಯಾದ್ರಿಗೆ ಬಂದು ಆಗುಂಬೆಯಲ್ಲಿ ಸುರಿಯುತ್ತದೆ. ಘಟ್ಟ ದಾಟಿ ನಮ್ಮ ಕಡೆಗೆ ಬರುವಾಗ ಚೀಲ ಬರಿದಾಗಿರುತ್ತದೆ. ಮುಂಗಾರು ಹೊರಡುವ ಕಡೆಯೂ ಒಣಗಿರುವ, ಮುಗಿಯುವ ಕಡೆಯೂ ಒಣಗಿರುವ ಎರಡು ನಾಡುಗಳಿವು ಎಂದು ನನಗೆ ಅನ್ನಿಸುತ್ತದೆ.

ಪ್ರಶ್ನೆ: ಯಾವ ಕಾರು ತೆಗೆದುಕೊಳ್ಳಬೇಕು? ಹೋಗುವುದೇ ಒಂದು ಸಲ, ದೊಡ್ಡದನ್ನೇ ತೆಗೆದುಕೊಳ್ಳೋಣವೇ?

ಬೇಡ. ಈ ಪುಟದಲ್ಲಿ ಒಂದೇ ಸಲಹೆ ಕೇಳುವುದಾದರೆ ಇದನ್ನು ಕೇಳಿ. ಆ ಹೆದ್ದಾರಿಯ ವೇಗದ ಮಿತಿ ಗಂಟೆಗೆ 120 ಕಿ.ಮೀ., ದಾರಿಯುದ್ದಕ್ಕೂ ವೇಗ ಅಳೆಯುವ ಕ್ಯಾಮೆರಾಗಳಿವೆ. ಐದು ಲೀಟರಿನ, ನಾನೂರೈವತ್ತು ಅಶ್ವಶಕ್ತಿಯ ಆಸುಪಾಸಿನ ಫೋರ್ಡ್ ಮಸ್ಟಾಂಗ್‌ಗೆ 120 ಎಂದರೆ ಮೈ ಮುರಿಯುವ ಹೊತ್ತು. ಅದರ ಶಕ್ತಿಯಲ್ಲಿ ಕಾಲುಭಾಗವೂ ಬಳಕೆಗೆ ಬರುವುದಿಲ್ಲ. ನೀವು ಬಾಡಿಗೆ ಕೊಟ್ಟಿರುವುದು ಮಿಕ್ಕ ಮುಕ್ಕಾಲಿಗೆ.

ಮಾಜ್ದಾ ಎಂಎಕ್ಸ್-5 ಸಿಕ್ಕರೆ ಕಣ್ಣು ಮುಚ್ಚಿಕೊಂಡು ಅದನ್ನು ಆರಿಸಿ. 1989ರಲ್ಲಿ ಮೊದಲು ಬಂದ, ಹತ್ತು ಲಕ್ಷಕ್ಕೂ ಹೆಚ್ಚು ತಯಾರಾದ ಎರಡು ಸೀಟಿನ ಪುಟ್ಟ ಕಾರು. ತೂಕ ಒಂದು ಟನ್ನಿನ ಸುತ್ತಮುತ್ತ, ಹಿಂದಿನ ಚಕ್ರಗಳಿಂದ ಓಟ, ಬಟ್ಟೆಯ ಟಾಪ್ ಅನ್ನು ಕುಳಿತಲ್ಲಿಂದಲೇ ಕೈಯಲ್ಲಿ ಹಿಂದಕ್ಕೆ ಮಡಚಬಹುದು. ಇದರಲ್ಲಿ ಎಂಬತ್ತರ ವೇಗವೂ ವೇಗವೆಂದೇ ಅನ್ನಿಸುತ್ತದೆ. ನೆಲ ಹತ್ತಿರ, ಗಾಳಿ ಹತ್ತಿರ, ಉಪ್ಪಿನ ವಾಸನೆ ಮೂಗಿಗೇ ಬಡಿಯುತ್ತದೆ. ಬಿಸಿಲಿಗೆ ಕಾದ ಬಂಡೆಯ ಪಕ್ಕ ಹಾದಾಗ ಕೆನ್ನೆಗೆ ತಗಲುವ ಝಳ, ಕಣಿವೆಯ ಸೇತುವೆ ದಾಟುವಾಗ ಒಮ್ಮೆಲೇ ಬರುವ ತಂಪು, ಇವೆಲ್ಲ ಗಾಜು ಏರಿಸಿ ಎ.ಸಿ. ಹಾಕಿಕೊಂಡ ದೊಡ್ಡ ಕಾರಿನಲ್ಲಿ ಸಿಗುವುದಿಲ್ಲ. ಇಂಥ ರಸ್ತೆಯಲ್ಲಿ ಸ್ಪೋರ್ಟ್ಸ್ ಕಾರು ಬೇಕಾಗುವುದು ಓಡಿಸಲಿಕ್ಕಿಂತ ಹೆಚ್ಚಾಗಿ ಮೈ ಒಡ್ಡಿಕೊಳ್ಳಲಿಕ್ಕೆ.

ಮಸ್ಕತ್‌ನಲ್ಲಿ ಬಾಡಿಗೆಗೆ ಸಿಗುವ ಸ್ಪೋರ್ಟ್ಸ್ ಕಾರುಗಳ ಆಯ್ಕೆ ದುಬೈನಷ್ಟು ದೊಡ್ಡದಲ್ಲ. ದುಬೈನಲ್ಲಿ ತೆಗೆದುಕೊಂಡು ಗಡಿ ದಾಟಿಸುವವರೂ ಇದ್ದಾರೆ; ಅದಕ್ಕೆ ಬಾಡಿಗೆ ಕಂಪನಿಯ ಒಪ್ಪಿಗೆ ಪತ್ರವೂ ಒಮಾನ್‌ಗೆ ಅನ್ವಯಿಸುವ ವಿಮೆಯೂ ಬೇಕು. ಈ ರಗಳೆಗಿಂತ ಮಸ್ಕತ್‌ನಲ್ಲಿ ಮಸ್ಟಾಂಗ್‌ನ ಟಾಪ್ ತೆರೆಯುವ ಮಾದರಿಯೊಂದೇ ಸಿಕ್ಕರೆ ಅದೇ ಇರಲಿ. ಟಾಪ್ ತೆರೆಯದ ಕಾರು ಎಷ್ಟೇ ದುಬಾರಿಯಾದರೂ ಬಿಟ್ಟುಬಿಡಿ.

ಪ್ರಶ್ನೆ: ನಮ್ಮ ಡಿಎಲ್ ಅಲ್ಲಿ ನಡೆಯುತ್ತದೆಯೇ?

ಅದರ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಇಟ್ಟುಕೊಳ್ಳಿ. ಇದನ್ನು ಕೊಡುವುದು ನಿಮ್ಮದೇ ಆರ್‌ಟಿಒ: ಕೆಎ-17 ಆದರೆ ದಾವಣಗೆರೆ, ಕೆಎ-16 ಆದರೆ ಚಿತ್ರದುರ್ಗ. ಅರ್ಜಿ ನಮೂನೆ 4ಎ, ಶುಲ್ಕ ಸಾವಿರ ರೂಪಾಯಿ, ಒಂದು ವರ್ಷದ ಮಾನ್ಯತೆ. ಡಿಎಲ್, ಪಾಸ್‌ಪೋರ್ಟ್ ಪ್ರತಿಗಳು ಬೇಕಾಗುತ್ತವೆ. ಸಾರಥಿ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಏಜೆಂಟರ ಅಗತ್ಯ ಖಂಡಿತ ಇಲ್ಲ.

ವಯಸ್ಸಿನ ವಿಷಯ ಬೇರೆ. ಶಕ್ತಿಶಾಲಿ ಕಾರುಗಳನ್ನು ಬಾಡಿಗೆ ಕಂಪನಿಗಳು ಸಾಮಾನ್ಯವಾಗಿ 25 ತುಂಬಿದವರಿಗಷ್ಟೇ ಕೊಡುತ್ತವೆ. ಇಂಜಿನಿಯರಿಂಗ್ ಮುಗಿಸಿದ ಮಗನಿಗೆ ಬಹುಮಾನವಾಗಿ ಈ ಪ್ರವಾಸ ಮಾಡಿಸಲು ಹೊರಟ ತಂದೆಯರು ಮೊದಲು ಇದನ್ನು ವಿಚಾರಿಸಿಕೊಳ್ಳಿ.

ಪ್ರಶ್ನೆ: ಬಲಬದಿಯಲ್ಲಿ ಓಡಿಸುವುದು ಕಷ್ಟವೇ?

ಹೆದ್ದಾರಿಯಲ್ಲಿ ಕಷ್ಟವಿಲ್ಲ, ಎಲ್ಲರೂ ಹೋಗುವ ಕಡೆಗೆ ನೀವೂ ಹೋಗುತ್ತೀರಿ. ಪೆಟ್ರೋಲ್ ಬಂಕಿನಿಂದ, ಹೋಟೆಲಿನ ಅಂಗಳದಿಂದ ಖಾಲಿ ರಸ್ತೆಗೆ ಬೆಳಗಿನ ಜಾವ ಹೊರಬರುವಾಗ ಎಚ್ಚರ ಬೇಕು. ಎದುರಿಗೆ ವಾಹನವಿಲ್ಲದಿದ್ದಾಗಲೇ ಕೈ ತಾನಾಗಿ ಎಡಕ್ಕೆ ಎಳೆಯುವುದು. ವೃತ್ತಗಳಲ್ಲಿ ಎಡದಿಂದ ಬರುವವರಿಗೆ ದಾರಿ ಬಿಟ್ಟು ಅಪ್ರದಕ್ಷಿಣವಾಗಿ ಸುತ್ತಬೇಕು. ದೇವರ ಗುಡಿ ಸುತ್ತಿ ಅಭ್ಯಾಸವಿರುವವರು ಇದೊಂದು ಕಡೆ ಉಲ್ಟಾ ಹೊಡೆಯಬೇಕು. ಪಕ್ಕದಲ್ಲಿ ಕುಳಿತವರಿಗೆ ಒಂದೇ ಕೆಲಸ ಕೊಡಿ, ಪ್ರತಿ ಸಲ ಹೊರಡುವಾಗಲೂ ‘ಬಲಕ್ಕೆ’ ಎಂದು ಹೇಳುವುದು.

ಪ್ರಶ್ನೆ: ದಾರಿಯಲ್ಲಿ ಏನೇನು ಸಿಗುತ್ತದೆ?

ಮಸ್ಕತ್‌ನಿಂದ ಸೂರ್ ಸುಮಾರು 200 ಕಿ.ಮೀ., 17ನೇ ನಂಬರಿನ ಹೆದ್ದಾರಿ. ಹೊರಡುವ ಮುನ್ನ ಹಳೆಯ ಮುತ್ರಾ ಬಂದರಿನ ಕಡಲ ರಸ್ತೆಯಿಂದ ಅಲ್ ಬುಸ್ತಾನ್ ಕಡೆಗೆ ಒಂದು ಸುತ್ತು ಹಾಕಿ. ಕಪ್ಪು ಬೆಟ್ಟಗಳನ್ನು ಸೀಳಿದ ತಿರುವುಗಳು, ಪ್ರತಿ ತಿರುವಿನಾಚೆ ಒಂದು ತುಂಡು ಸಮುದ್ರ. ನಿಜ ಹೇಳಬೇಕೆಂದರೆ ಸ್ಟಿಯರಿಂಗ್‌ಗೆ ಕೆಲಸ ಸಿಗುವುದು ಇಲ್ಲೇ. ಮುಂದಿನ ಹೆದ್ದಾರಿಯಲ್ಲಿ ತಿರುವುಗಳು ಉದ್ದ, ನಿಧಾನ.

ಕುರಿಯಾತ್‌ವರೆಗೆ ಬೆಟ್ಟದೊಳಗಿನ ದಾರಿ. ಆಮೇಲೆ ಎಡಗಡೆ ಕಡಲು ತೆರೆದುಕೊಳ್ಳುತ್ತದೆ, ಬಲಗಡೆ ಪೂರ್ವ ಹಜರ್ ಪರ್ವತದ ಗೋಡೆ. ನಡುವಿನ ಕಿರಿದಾದ ಪಟ್ಟಿಯಲ್ಲಿ ರಸ್ತೆ. ಬಿಮ್ಮಾ ಎಂಬಲ್ಲಿ ಸುಣ್ಣಕಲ್ಲು ಕರಗಿ ಕುಸಿದು ಆದ ದೊಡ್ಡ ಹೊಂಡವಿದೆ, ತಳದಲ್ಲಿ ಹಸಿರು ನೀಲಿ ನೀರು. ಆಕಾಶದಿಂದ ನಕ್ಷತ್ರ ಬಿದ್ದು ಆಯಿತೆಂದು ಊರವರ ಕತೆ. ಮೆಟ್ಟಿಲು ಇಳಿದು ಈಜಬಹುದು. ಕಾರು ನಿಲ್ಲಿಸಲು ಒಳ್ಳೆಯ ಜಾಗವಿದೆ, ಅದು ನಮಗೆ ಮುಖ್ಯ.

ವಾದಿ ಶಾಬ್‌ಗೆ ಅರ್ಧ ದಿನವನ್ನಾದರೂ ಕೊಡಿ. ವಾದಿ ಎಂದರೆ ಮಳೆ ಬಂದಾಗ ಹರಿಯುವ ಬೆಟ್ಟದ ಕಣಿವೆ. ಹೆದ್ದಾರಿಯ ಎತ್ತರದ ಸೇತುವೆಯ ಕೆಳಗೇ ಕಾರು ನಿಲ್ಲಿಸಿ, ದೋಣಿಯಲ್ಲಿ ಆಚೆ ದಡಕ್ಕೆ ಹೋಗಿ, ಖರ್ಜೂರದ ತೋಟ ಹಾದು, ಮುಕ್ಕಾಲು ಗಂಟೆ ಬಂಡೆಗಳ ಮೇಲೆ ನಡೆದರೆ ತಿಳಿನೀರಿನ ಮಡುಗಳು. ಕೊನೆಯ ಮಡುವಿನಿಂದ ಬಂಡೆಯ ಬಿರುಕಿನಲ್ಲಿ ತಲೆ ಮಾತ್ರ ತೂರುವಷ್ಟು ಜಾಗದಲ್ಲಿ ಈಜಿ ಒಳಗೆ ಹೋದರೆ ಗುಹೆಯೊಳಗೊಂದು ಜಲಪಾತ. ಈಜು ಬಾರದವರು ಮೊದಲ ಮಡುವಿನಲ್ಲೇ ಕಾಲು ಇಳಿಬಿಟ್ಟು ಕುಳಿತುಕೊಳ್ಳಿ, ನಾಚಿಕೆಯೇನಿಲ್ಲ.

ಸೂರ್ ಹಡಗು ಕಟ್ಟುವವರ ಊರು. ಇಲ್ಲಿನ ಮರದ ಹಾಯಿಹಡಗುಗಳಿಗೆ ತೇಗ ಬರುತ್ತಿದ್ದುದು ನಮ್ಮ ಪಶ್ಚಿಮ ಕರಾವಳಿಯಿಂದ. 1951ರಲ್ಲಿ ಕಟ್ಟಿದ ‘ಫತಹ್ ಅಲ್ ಖೈರ್’ ಎಂಬ ಹಡಗನ್ನು ದಡದಲ್ಲಿ ನಿಲ್ಲಿಸಿದ್ದಾರೆ. ಸಂಜೆ ಅಲ್ ಐಜಾದ ದೀಪಸ್ತಂಭದ ಬಳಿ ಕಾರು ನಿಲ್ಲಿಸಿ. ಬಿಳಿ ಮನೆಗಳು, ಒಳನುಗ್ಗಿದ ಕಡಲು, ಅದರ ಮೇಲೊಂದು ತೂಗುಸೇತುವೆ.

ಸೂರ್‌ನಿಂದ ಮುಂದೆ ಅರೇಬಿಯಾದ ಪೂರ್ವ ತುದಿ. ಅಲ್ಲಿನ ರಾಸ್ ಅಲ್ ಜಿನ್ಜ್ ದಡಕ್ಕೆ ರಾತ್ರಿ ಹಸಿರು ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಸಂರಕ್ಷಿತ ಜಾಗವಾದ್ದರಿಂದ ಮಾರ್ಗದರ್ಶಕರ ಜೊತೆಗೇ ಹೋಗಬೇಕು, ಫ್ಲ್ಯಾಶ್ ಹಾಕುವಂತಿಲ್ಲ. ಆಮೆಗಳು ಹೆಚ್ಚು ಬರುವುದು ಬೇಸಿಗೆಯಲ್ಲಿ, ಕಾರಿಗೆ ಹಿತವಾದದ್ದು ಚಳಿಗಾಲ. ಎರಡೂ ಒಟ್ಟಿಗೆ ಪೂರ್ಣವಾಗಿ ದಕ್ಕುವುದಿಲ್ಲ. ಚಳಿಗಾಲದಲ್ಲೂ ಕೆಲವು ಬರುತ್ತವೆ ಎಂಬುದೇ ಸಮಾಧಾನ.

ಪ್ರಶ್ನೆ: ಕಲ್ಹಾತ್‌ನಲ್ಲಿ ಹಾಳುಗೋಡೆ ಬಿಟ್ಟರೆ ಏನಿದೆ?

ದುರ್ಗದವರು ಈ ಮಾತು ಆಡಬಾರದು. ಏಳುಸುತ್ತಿನ ಕೋಟೆಯಲ್ಲಿ ಆಡಿ ಬೆಳೆದವರಿಗೆ ಹಾಳುಗೋಡೆ ಓದಲು ಬರಬೇಕು. ಸೂರ್‌ಗೆ ಸ್ವಲ್ಪ ಮೊದಲು ಸಿಗುವ ಕಲ್ಹಾತ್ ಒಂದು ಕಾಲಕ್ಕೆ ಪರ್ಷಿಯಾ ಕೊಲ್ಲಿಯ ಬಾಯಿಯಲ್ಲಿದ್ದ ಹೊರ್ಮುಜ್ ರಾಜ್ಯದ ಎರಡನೇ ದೊಡ್ಡ ನಗರ. ಮಾರ್ಕೊ ಪೋಲೊ ಇದರ ಬಗ್ಗೆ ಬರೆದಿದ್ದಾನೆ, ಮೊರಾಕೊದ ಪ್ರವಾಸಿ ಇಬ್ನ್ ಬತೂತಾ ಇಲ್ಲಿಗೆ ಬಂದಿದ್ದ. ಇಲ್ಲಿಂದ ಭಾರತಕ್ಕೆ ಕುದುರೆಗಳನ್ನು ಹಡಗಿನಲ್ಲಿ ಸಾಗಿಸುತ್ತಿದ್ದರು. ನಮ್ಮ ಹವೆಯಲ್ಲಿ ಒಳ್ಳೆಯ ಯುದ್ಧದ ಕುದುರೆ ಬೆಳೆಯುವುದು ಕಷ್ಟವಾದ್ದರಿಂದ ದಕ್ಷಿಣದ ಅರಸರು ಅರಬ್ಬೀ ಕುದುರೆಗಳಿಗೆ ಹಣ ಸುರಿದರು. ವಿಜಯನಗರಕ್ಕೆ ಅವು ಹೊರ್ಮುಜ್‌ನಿಂದ ಭಟ್ಕಳ, ಗೋವೆಗಳ ದಾರಿಯಲ್ಲಿ ಬರುತ್ತಿದ್ದವು. ಚಿತ್ರದುರ್ಗದ ನಾಯಕರು ಆ ವಿಜಯನಗರಕ್ಕೆ ನಡೆದುಕೊಳ್ಳುತ್ತಿದ್ದ ಪಾಳೆಯಗಾರರೇ. ಹದಿನಾರನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸರು ಕಲ್ಹಾತನ್ನು ಸುಟ್ಟು ಹಾಳುಗೆಡವಿದರು. 2018ರಲ್ಲಿ ಇದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಗುಮ್ಮಟ ಉದುರಿದ ಬೀಬಿ ಮರಿಯಮ್ ಸಮಾಧಿ ದೂರಕ್ಕೇ ಕಾಣುತ್ತದೆ. ತಗ್ಗು ಕಾರನ್ನು ಮಣ್ಣಿನ ಒಳದಾರಿಗೆ ಇಳಿಸುವ ಸಾಹಸ ಬೇಡ.

ಪಕ್ಕದಲ್ಲೇ ದ್ರವೀಕೃತ ಅನಿಲದ ದೊಡ್ಡ ಸ್ಥಾವರವಿದೆ. ಅದರ ಕಡೆಗೆ ಮೊಬೈಲ್ ಎತ್ತಬೇಡಿ. ಡ್ರೋನ್‌ಗೆ ಮೊದಲೇ ಅನುಮತಿ ಬೇಕು, ಸುಮ್ಮನೆ ಮನೆಯಲ್ಲೇ ಬಿಟ್ಟು ಬನ್ನಿ.

ಪ್ರಶ್ನೆ: ಯಾವ ಹೊತ್ತಿಗೆ ಹೊರಟರೆ ಚೆಂದ?

ಹೋಗುವಾಗ ಆಗ್ನೇಯಕ್ಕೆ ಹೋಗುತ್ತೀರಿ, ಚಳಿಗಾಲದ ಬೆಳಗಿನ ಸೂರ್ಯ ಸರಿಯಾಗಿ ಮುಖಕ್ಕೇ ಇರುತ್ತಾನೆ. ಟೋಪಿ, ಕಪ್ಪು ಕನ್ನಡಕ ಬೇಕೇ ಬೇಕು. ಅಲ್ಲದೆ ಬಲಬದಿಯ ಸಂಚಾರದಲ್ಲಿ ಎಡಗಡೆಯ ಸಮುದ್ರಕ್ಕೂ ನಿಮಗೂ ನಡುವೆ ಎದುರುದಾರಿ ಇರುತ್ತದೆ. ಹಿಂದಿರುಗುವಾಗ ಲೆಕ್ಕ ತಿರುಗುಮುರುಗು: ಕಡಲು ನಿಮ್ಮದೇ ಪಕ್ಕಕ್ಕೆ ಬರುತ್ತದೆ, ಮಧ್ಯಾಹ್ನದ ಸೂರ್ಯ ಹೆಗಲ ಹಿಂದಿನಿಂದ ನೀರಿನ ಮೇಲೆ ಬಿದ್ದು ನೀಲಿ ತಿಳಿಯಾಗಿ ಕಾಣುತ್ತದೆ. ಆದ್ದರಿಂದ ಹೋಗುವಾಗ ವಾದಿ, ಹೊಂಡ, ಊರುಗಳನ್ನು ನೋಡುತ್ತ ತಡೆದು ತಡೆದು ಹೋಗಿ. ಬರುವಾಗ ಸೂರ್ ಅನ್ನು ಊಟವಾದ ಮೇಲೆ ಬಿಟ್ಟು, ಟಾಪ್ ತೆರೆದು, ಎಲ್ಲೂ ನಿಲ್ಲದೆ ಬನ್ನಿ. ಪಶ್ಚಿಮಕ್ಕೆ ಬೆಟ್ಟವಿರುವುದರಿಂದ ರಸ್ತೆಗೆ ನೆರಳು ಬೇಗ ಇಳಿಯುತ್ತದೆ, ಸಮುದ್ರದ ಮೇಲೆ ಬಿಸಿಲು ಇನ್ನೂ ಇರುತ್ತದೆ. ಪ್ರವಾಸದ ದುಡ್ಡೆಲ್ಲ ವಸೂಲಾಗುವ ಹೊತ್ತು ಅದು.

ನಡುಮಧ್ಯಾಹ್ನ ಟಾಪ್ ತೆರೆಯುವ ಶೋಕಿ ಬೇಡ. ಗಾಳಿ ತಂಪಾಗಿ ಬೀಸುವುದರಿಂದ ಚರ್ಮ ಸುಡುವುದು ಗೊತ್ತೇ ಆಗುವುದಿಲ್ಲ.

ಪ್ರಶ್ನೆ: ಮರಳು ರಸ್ತೆಗೆ ಬರುತ್ತದೆಯಂತೆ. ಕಾರು ಜಾರುವುದಿಲ್ಲವೇ?

ಸೂರ್‌ವರೆಗೆ ಈ ಚಿಂತೆ ಕಡಿಮೆ. ರಾಸ್ ಅಲ್ ಜಿನ್ಜ್ ದಾಟಿ ಅಲ್ ಅಶ್ಖರಾ ಕಡೆಗೆ ಹೋದಂತೆ, ಅದಕ್ಕಿಂತಲೂ ಅಲ್ ಅಶ್ಖರಾದ ದಕ್ಷಿಣಕ್ಕೆ, ಶರ್ಕಿಯಾ ಮರಳುಗಾಡು ಕಡಲಿನ ಹತ್ತಿರಕ್ಕೆ ಬರುತ್ತದೆ. ಗಾಳಿಯ ದಿನ ಮರಳು ರಸ್ತೆಯ ಮೇಲೆ ಹಾವಿನಂತೆ ಹರಿಯುತ್ತದೆ, ಕೆಲವೆಡೆ ನಾಲಿಗೆ ಚಾಚಿದಂತೆ ದಪ್ಪ ಪದರವೇ ಕೂತಿರುತ್ತದೆ. ತೆಳು ಪದರ ಕಂಡರೆ ದೂರದಿಂದಲೇ ವೇಗ ಇಳಿಸಿ. ಮರಳಿನ ಮೇಲೆ ಬ್ರೇಕು ಒತ್ತಬೇಡಿ, ಸ್ಟಿಯರಿಂಗ್ ಎಳೆಯಬೇಡಿ. ಹಿಂದಿನ ಚಕ್ರದಿಂದ ಓಡುವ ಶಕ್ತಿಯ ಕಾರು ಮರಳಿನ ಮೇಲೆ ಆಕ್ಸಿಲರೇಟರ್ ತುಳಿದೊಡನೆ ಹಿಂಭಾಗ ಬೀಸುತ್ತದೆ. ಜಾರುವಿಕೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ಆಫ್ ಮಾಡುವ ಗುಂಡಿ ಕಾರಿನಲ್ಲಿರುತ್ತದೆ. ಅದನ್ನು ಮುಟ್ಟದವನೇ ಜಾಣ.

ದಪ್ಪ ಪದರ ರಸ್ತೆಯ ಪೂರ್ತಿ ಅಗಲಕ್ಕೆ ಕೂತಿದ್ದರೆ ವಾಪಸ್ ತಿರುಗಿ. ಸ್ಪೋರ್ಟ್ಸ್ ಕಾರಿನ ಹೊಟ್ಟೆಗೂ ನೆಲಕ್ಕೂ ಸಾಮಾನ್ಯವಾಗಿ 11ರಿಂದ 14 ಸೆಂಟಿಮೀಟರ್ ಅಂತರ. ನಮ್ಮೂರಿನಲ್ಲಿ ಓಡುವ ಸಣ್ಣ ಕಾರುಗಳದ್ದೇ 16, 17 ಇರುತ್ತದೆ. ಹೊಟ್ಟೆ ಮರಳಿಗೆ ಕೂತರೆ ಚಕ್ರ ಸುತ್ತಿದಷ್ಟೂ ಹೂತುಹೋಗುತ್ತದೆ.

ಇನ್ನೊಂದು ಮೋಸದ ನೆಲವಿದೆ, ಸಬ್ಖಾ. ಕಡಲಂಚಿನ ಉಪ್ಪುಬಯಲು. ಮೇಲೆ ಗಟ್ಟಿ ಹಪ್ಪಳ, ಕೆಳಗೆ ಕೆಸರು. ‘ಫೋಟೊ ಚೆನ್ನಾಗಿ ಬರುತ್ತದೆ, ಸ್ವಲ್ಪ ಕೆಳಗಿಳಿಸಿ ನಿಲ್ಲಿಸೋಣ’ ಎಂದವರ ಕಾರನ್ನು ಟ್ರ್ಯಾಕ್ಟರ್ ಎಳೆಯಬೇಕಾಗುತ್ತದೆ. ಡಾಂಬರು ಬಿಟ್ಟು ಇಳಿದ ಕೂಡಲೇ ಬಾಡಿಗೆ ಕಾರಿನ ವಿಮೆಯೂ ಸಾಮಾನ್ಯವಾಗಿ ನಿಮ್ಮನ್ನು ಬಿಟ್ಟು ಇಳಿದಿರುತ್ತದೆ.

ಪ್ರಶ್ನೆ: ಟೈರ್ ಪಂಕ್ಚರ್ ಆದರೆ?

ಹೆಚ್ಚಿನ ಸ್ಪೋರ್ಟ್ಸ್ ಕಾರುಗಳಲ್ಲಿ ಸ್ಟೆಪ್ನಿ ಇರುವುದಿಲ್ಲ. ಡಿಕ್ಕಿಯಲ್ಲಿ ಒಂದು ಸಣ್ಣ ಪಂಪು, ತೂತು ಮುಚ್ಚುವ ದ್ರಾವಣದ ಬಾಟಲಿ ಇಟ್ಟಿರುತ್ತಾರೆ, ಅಷ್ಟೇ. ಮೊಳೆಯ ತೂತಿಗೆ ಅದು ಸಾಕು. ಟೈರಿನ ಪಕ್ಕ ಹರಿದರೆ ಏನೂ ಪ್ರಯೋಜನವಿಲ್ಲ. ಕಾರು ಪಡೆಯುವಾಗಲೇ ಬಾಟಲಿ ಇದೆಯೇ, ಅವಧಿ ಮುಗಿದಿದೆಯೇ ನೋಡಿ, ಕೆಟ್ಟುನಿಂತರೆ ಸೂರ್‌ಗೆ ಎಳೆದೊಯ್ಯುವ ವಾಹನ ಕಳಿಸುತ್ತಾರೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಗಾಳಿಯ ಒತ್ತಡವನ್ನು ಬೆಳಿಗ್ಗೆ ಟೈರು ತಣ್ಣಗಿರುವಾಗ ನೋಡಬೇಕು. ಕಾದ ಟೈರಿನಲ್ಲಿ ಒತ್ತಡ ಏರಿರುವುದನ್ನು ಕಂಡು ಗಾಳಿ ಬಿಟ್ಟರೆ ತಣಿದ ಮೇಲೆ ಕಡಿಮೆಯಾಗಿರುತ್ತದೆ. ಅಪಘಾತ, ಪೊಲೀಸ್, ಆಂಬುಲೆನ್ಸ್ ಎಲ್ಲಕ್ಕೂ ತುರ್ತು ಸಂಖ್ಯೆ 9999.

ಪ್ರಶ್ನೆ: ರಾತ್ರಿ ಓಡಿಸಬಹುದೇ? ಬಿಸಿಲು ತಪ್ಪುತ್ತದಲ್ಲ?

ಬೇಡ, ಒಂಟೆಗಳಿಗಾಗಿ. ಹಸು ಅಡ್ಡ ಬಂದರೆ ಬಂಪರಿಗೆ ತಗಲುತ್ತದೆ. ಒಂಟೆಯ ಕಾಲು ಉದ್ದ. ತಗ್ಗು ಕಾರು ಕಾಲಿಗೆ ಬಡಿದರೆ ಅದರ ಅಷ್ಟೂ ತೂಕ ಗಾಜಿನ ಮೇಲೆ, ಟಾಪ್ ತೆರೆದಿದ್ದರೆ ನಿಮ್ಮ ಮೇಲೆ. ಹೆದ್ದಾರಿಗೆ ಹಲವೆಡೆ ಬೇಲಿಯಿದೆ, ಸೂರ್ ದಾಟಿದ ಮೇಲಿನ ಕಡಲ ರಸ್ತೆಗೆ ನಂಬಿಕೆಯಿಡುವಂಥ ಬೇಲಿಯಿಲ್ಲ. ಸೂರ್ಯ ಮುಳುಗುವ ಮುನ್ನ ಕೋಣೆ ಸೇರಿಕೊಳ್ಳಿ.

ಪ್ರಶ್ನೆ: ಅಷ್ಟು ದೂರ ಹೋದ ಮೇಲೆ ಸಲಾಲಾವರೆಗೂ ಹೋಗಿಬಿಡಬಾರದೇ?

ಕಡಲ ದಾರಿಯಲ್ಲಿ ಮಸ್ಕತ್‌ನಿಂದ ಸಲಾಲಾ 1,300 ಕಿ.ಮೀ. ಆಸುಪಾಸು. ದುಕ್ಮ್ ಬಂದರು, ಶುವೈಮಿಯಾ, ಬೆಟ್ಟ ಕಡಿದು ಮಾಡಿದ ಹಾಸಿಕ್ ರಸ್ತೆ, ಧೂಪದ ಮರಗಳ ಮಿರ್ಬಾತ್, ಎಲ್ಲವೂ ನೋಡತಕ್ಕದ್ದೇ. ಆದರೆ ನಡುವೆ ನೂರು ಕಿ.ಮೀ.ಗೂ ಮಿಕ್ಕಿ ಬಂಕ್ ಇಲ್ಲದ ಹರವುಗಳಿವೆ, ಮೊಬೈಲ್ ಸಿಗ್ನಲ್ ಹೋಗಿ ಬರುತ್ತದೆ, ಮರಳಿನ ಕಾಟವಿದೆ. ಇದು ನಾಲ್ಕು ಚಕ್ರಕ್ಕೂ ಶಕ್ತಿಯಿರುವ ಎತ್ತರದ ಗಾಡಿಯ ದಾರಿ. ಸ್ಪೋರ್ಟ್ಸ್ ಕಾರಿನಲ್ಲಿ ಅಲ್ ಅಶ್ಖರಾವರೆಗೆ ಹೋಗಿ, ಮನಸ್ಸು ತುಂಬ ನೋಡಿ, ತಿರುಗಿಬಿಡಿ. ಸಲಾಲಾ ಬೇಕೇ ಬೇಕೆಂದರೆ ಮಸ್ಕತ್‌ನಿಂದ ವಿಮಾನವಿದೆ.

ಪ್ರಶ್ನೆ: ಯಾವ ತಿಂಗಳು?

ನವೆಂಬರ್ ಕೊನೆಯಿಂದ ಮಾರ್ಚ್. ಬೇಸಿಗೆಯಲ್ಲಿ ಉಷ್ಣಾಂಶ 45 ಡಿಗ್ರಿ ಮುಟ್ಟುತ್ತದೆ, ಟಾಪ್ ತೆರೆಯುವ ಮಾತೇ ಇಲ್ಲ. ಮೇ, ಜೂನ್ ಮತ್ತು ಅಕ್ಟೋಬರ್, ನವೆಂಬರ್ ಆರಂಭ ಅರಬ್ಬಿ ಸಮುದ್ರದ ಚಂಡಮಾರುತಗಳ ಕಾಲ. 2007ರ ಜೂನ್‌ನಲ್ಲಿ ಗೋನು ಈ ಕರಾವಳಿಯ ರಸ್ತೆಗಳನ್ನೇ ಕಿತ್ತುಹಾಕಿತ್ತು, 2021ರಲ್ಲಿ ಶಾಹೀನ್ ಮಸ್ಕತ್‌ನ ವಾಯವ್ಯಕ್ಕೆ ಅಪ್ಪಳಿಸಿತು. ಚಳಿಗಾಲದಲ್ಲೂ ಬೆಟ್ಟದಲ್ಲಿ ಮಳೆಯೆಂಬ ಸುದ್ದಿಯಿದ್ದರೆ ವಾದಿಯೊಳಗೆ ಇಳಿಯಬೇಡಿ. ತಲೆಯ ಮೇಲೆ ಬಿಸಿಲಿದ್ದರೂ ಎಲ್ಲೋ ಮೇಲೆ ಬಿದ್ದ ನೀರು ಒಮ್ಮೆಲೇ ನುಗ್ಗಿ ಬರುತ್ತದೆ. ರಂಜಾನ್ ತಿಂಗಳಾದರೆ ಹಗಲು ಹೊರಗೆ ತಿನ್ನುವುದು, ಕುಡಿಯುವುದು ಸಲ್ಲದು.

ಪ್ರಶ್ನೆ: ಖರ್ಚು?

ಒಂದು ರಿಯಾಲ್ ಎಂದರೆ ಇನ್ನೂರು ರೂಪಾಯಿಗೂ ಮೇಲೆ, ಇದನ್ನು ಮರೆತರೆ ಎಲ್ಲವೂ ಅಗ್ಗವಾಗಿ ಕಾಣುತ್ತದೆ. ಒಂದು ರಿಯಾಲ್‌ಗೆ ಸಾವಿರ ಬೈಸಾ. ಪೆಟ್ರೋಲ್ ಮಾತ್ರ ನಿಜವಾಗಿಯೂ ಅಗ್ಗ: ಎಂ95 ದರ್ಜೆಯದು ಲೀಟರಿಗೆ 240 ಬೈಸಾದ ಆಸುಪಾಸು, ನಮ್ಮ ಬಂಕಿನ ದರದ ಅರ್ಧ ಎನ್ನಿ. ಬಾಡಿಗೆಯಲ್ಲಿ ಕಣ್ಣಿಡಬೇಕಾದದ್ದು ದಿನದ ದರಕ್ಕಿಂತ ದಿನದ ಕಿಲೋಮೀಟರ್ ಮಿತಿಯ ಮೇಲೆ. ಸ್ಪೋರ್ಟ್ಸ್ ಕಾರುಗಳಿಗೆ ಈ ಮಿತಿ ಬಿಗಿಯಾಗಿರುತ್ತದೆ, ಮೀರಿದ ಪ್ರತಿ ಕಿಲೋಮೀಟರಿಗೂ ಬೇರೆ ಹಣ. ಕ್ರೆಡಿಟ್ ಕಾರ್ಡಿನಲ್ಲಿ ಠೇವಣಿ ತಡೆಹಿಡಿಯುತ್ತಾರೆ. ವೇಗದ ದಂಡಗಳು ಬಂದರೆ ಅದರಲ್ಲೇ ಮುರಿದುಕೊಳ್ಳುತ್ತಾರೆ.

ಪ್ರಶ್ನೆ: ಊಟಕ್ಕೆ ಏನು ಮಾಡುವುದು? ನಾವು ಸಸ್ಯಾಹಾರಿಗಳು.

ಮಸ್ಕತ್‌ನ ರೂವಿ ಬಡಾವಣೆಯಲ್ಲಿ ದೋಸೆ, ಇಡ್ಲಿ, ಊಟ ಧಾರಾಳವಾಗಿ ಸಿಗುತ್ತವೆ. ಬೆಣ್ಣೆದೋಸೆಯ ಮಾತು ತೆಗೆಯದಿದ್ದರೆ ಸರಿ. ಹೆದ್ದಾರಿಯ ಸಣ್ಣ ಅಂಗಡಿಗಳನ್ನು ನಡೆಸುವವರಲ್ಲಿ ಮಲಯಾಳಿಗಳು ಬಹಳ, ಹಿಂದಿಯೂ ನಡೆಯುತ್ತದೆ. ಪರೋಟದೊಳಗೆ ಚೀಸ್ ಸವರಿ, ಆಲೂಗಡ್ಡೆ ಚಿಪ್ಸ್ ಪುಡಿ ಮಾಡಿ ಸುತ್ತಿ ಕೊಡುತ್ತಾರೆ, ಜೊತೆಗೆ ಕಡಕ್ ಚಹಾ. ಕೇಳಿದಾಗ ಮೂಗು ಮುರಿದವರು ಎರಡನೆಯದನ್ನು ತಾವೇ ಹೇಳುತ್ತಾರೆ. ಸೂರ್ ಆಚೆಗೆ ಮೀನೇ ರಾಜ. ಸಸ್ಯಾಹಾರಿಗಳು ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಮಂಡಕ್ಕಿ ಕಟ್ಟಿಕೊಂಡು ಹೋಗುವುದು ಒಳ್ಳೆಯದು. ಆದರೆ ಗಸಗಸೆ ಮಾತ್ರ ಒಂದು ಕಾಳೂ ಬೇಡ, ಅದು ಬೆರೆತ ಮಸಾಲೆಪುಡಿಯೂ ಬೇಡ. ಯುಎಇಯಲ್ಲಿ ಅದು ಮಾದಕವಸ್ತುವಿನ ಲೆಕ್ಕ. ದುಬೈ ಮೂಲಕ ವಿಮಾನ ಬದಲಿಸುವವರಂತೂ ಅಜ್ಜಿ ಕಟ್ಟಿಕೊಟ್ಟ ಡಬ್ಬಿಗಳನ್ನು ಮತ್ತೊಮ್ಮೆ ಬಿಚ್ಚಿ ನೋಡಿ.

ಪ್ರಶ್ನೆ: ಮನೆಯವರೆಲ್ಲ ಸೇರಿ ಎಂಟು ಜನ. ಹೇಗೆ?

ಸ್ಪೋರ್ಟ್ಸ್ ಕಾರು ಇಬ್ಬರದು. ಮಸ್ಟಾಂಗ್‌ನಲ್ಲಿ ಹಿಂದೆ ಎರಡು ಸೀಟು ಇವೆ, ಕಾಲಿಲ್ಲದವರಿಗೆ. ಎಂಎಕ್ಸ್-5ರ ಡಿಕ್ಕಿ 130 ಲೀಟರ್, ಎರಡು ಬಟ್ಟೆಯ ಬ್ಯಾಗಿಗೆ ತುಂಬಿಹೋಗುತ್ತದೆ, ಗಟ್ಟಿ ಸೂಟ್‌ಕೇಸ್ ಹಿಡಿಯುವುದಿಲ್ಲ. ಹಿರಿಯರು, ಮಕ್ಕಳು, ಸಾಮಾನು ಎಲ್ಲವನ್ನೂ ಒಂದು ದೊಡ್ಡ ಗಾಡಿಗೆ ಹಾಕಿ, ಜೊತೆಗೊಂದು ಸ್ಪೋರ್ಟ್ಸ್ ಕಾರು ತೆಗೆದುಕೊಂಡು ಸರದಿಯ ಮೇಲೆ ಓಡಿಸಿ. ಓಡಿಸುವ ಪ್ರತಿಯೊಬ್ಬರ ಹೆಸರೂ ಕರಾರಿನಲ್ಲಿ ಇರಬೇಕು. ಹೆಂಗಸರು ಓಡಿಸಲು ಅಲ್ಲಿ ಯಾವ ಅಡ್ಡಿಯೂ ಇಲ್ಲ. ಅತ್ತೆ ಸೊಸೆ ಇಬ್ಬರೇ ಒಂದು ಸರದಿ ಹೊಡೆದರೆ ಇನ್ನೂ ಒಳ್ಳೆಯದು, ದೊಡ್ಡ ಗಾಡಿಯಲ್ಲಿ ಗಂಡಸರು ಮಕ್ಕಳನ್ನು ನೋಡಿಕೊಳ್ಳಲಿ.

ಪ್ರಶ್ನೆ: ಬರೀ ಕಲ್ಲು ಬೆಟ್ಟ ನೋಡಲು ಅಷ್ಟು ದೂರ ಹೋಗಬೇಕೇ? ಜೋಗಿಮಟ್ಟಿ ಇಲ್ಲವೇ?

ಮಸ್ಕತ್ ಸುತ್ತಿನ ಕಪ್ಪುಗಂದು ಬೆಟ್ಟಗಳು ಒಂದು ಕಾಲಕ್ಕೆ ಸಮುದ್ರತಳದ ಕೆಳಗಿದ್ದ ಭೂಮಿಯ ಒಳಪದರ. ಸುಮಾರು ಒಂಬತ್ತೂವರೆ ಕೋಟಿ ವರ್ಷ ಹಿಂದಿನ ಸಾಗರತಳ ಹಾಗೇ ಎತ್ತಿ ನೆಲದ ಮೇಲೆ ಬಂದು ಕೂತಿದೆ. ಭೂವಿಜ್ಞಾನಿಗಳು ಜಗತ್ತಿನ ಎಲ್ಲೆಡೆಯಿಂದ ಇದನ್ನು ನೋಡಲು ಬರುತ್ತಾರೆ. ನೀರಿನೊಳಗೆ ಉಕ್ಕಿದ ಲಾವಾ ತಲೆದಿಂಬಿನ ಆಕಾರದಲ್ಲಿ ಗಟ್ಟಿಯಾದದ್ದು ಒಮಾನ್‌ನ ಉತ್ತರದ ವಾದಿ ಜಿಝಿಯಲ್ಲಿದೆ. ಚಿತ್ರದುರ್ಗದಿಂದ ಸ್ವಲ್ಪವೇ ದೂರದ ಮರಡಿಹಳ್ಳಿಯಲ್ಲೂ ಅಂಥದೇ ದಿಂಬಿನ ಲಾವಾ ಇದೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ವಯಸ್ಸಿನಲ್ಲಿ ಒಮಾನ್‌ನದಕ್ಕಿಂತ ಇನ್ನೂರೈವತ್ತು ಕೋಟಿ ವರ್ಷಕ್ಕೆ ಹತ್ತಿರದಷ್ಟು ಹಿರಿದು. ಹೋಗುವ ಮುನ್ನ ಅದನ್ನು ನೋಡಿಕೊಂಡು ಹೋಗಿ. ಪ್ರವೇಶ ಶುಲ್ಕವಿಲ್ಲ, ಸ್ಪೋರ್ಟ್ಸ್ ಕಾರೂ ಬೇಡ.

ಪ್ರಶ್ನೆ: ಪಾಸ್‌ಪೋರ್ಟ್ ಇಲ್ಲ. ನಮ್ಮ ದೇಶದಲ್ಲೇ ಇಂಥದ್ದು ಇಲ್ಲವೇ?

ಕಛ್ ಇದೆ. ನಮ್ಮ ಊರಿನ ಮಗ್ಗುಲಲ್ಲೇ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48 ಹುಬ್ಬಳ್ಳಿ, ಪುಣೆ, ಮುಂಬೈ, ಸೂರತ್ ಹಾದು ಅಹಮದಾಬಾದ್ ಮುಟ್ಟುತ್ತದೆ. ಅಲ್ಲಿಂದ ಭುಜ್‌ಗೆ ಮತ್ತೆ ಮುನ್ನೂರು ಚಿಲ್ಲರೆ. ಒಟ್ಟು ಸಾವಿರದೈನೂರು ಕಿ.ಮೀ.ಗೂ ಮಿಕ್ಕಿ ಹಿಡಿಯಿರಿ. ಖಾವಡಾದಿಂದ ಧೋಲಾವೀರಾಕ್ಕೆ ಹೋಗುವ ರಸ್ತೆ ಸುಮಾರು ಮೂವತ್ತು ಕಿ.ಮೀ. ಬಿಳಿ ರಣ್ ಎಂಬ ಉಪ್ಪುಬಯಲಿನ ನಡುವೆ ಸೀಳಿಕೊಂಡು ಹೋಗುತ್ತದೆ. ಮಳೆಗಾಲ ಮುಗಿದ ಹೊಸತರಲ್ಲಿ ಎರಡೂ ಕಡೆ ನೀರು, ಆಮೇಲೆ ಎರಡೂ ಕಡೆ ಉಪ್ಪು. ಮಾಂಡವಿಯಲ್ಲಿ ರುಕ್ಮಾವತಿ ನದಿಯ ದಡದಲ್ಲಿ ಇವತ್ತಿಗೂ ಮರದ ಹಡಗು ಕಟ್ಟುತ್ತಾರೆ. ಆ ಊರಿನ ಭಾಟಿಯಾ ವರ್ತಕರು ಶತಮಾನಗಳಿಂದ ಮಸ್ಕತ್‌ನಲ್ಲಿ ವ್ಯಾಪಾರ ಮಾಡಿದವರು. ಒಂದರ್ಥದಲ್ಲಿ ಇದು ಅದೇ ಕಡಲಿನ ಈಚೆ ದಡ.

ಕಾರು ಮಾತ್ರ ನಿಮ್ಮದೇ ಇರಬೇಕು, ಹೊಟ್ಟೆ ತೀರ ತಗ್ಗಿರಬಾರದು. ಹೆದ್ದಾರಿ ಬಿಟ್ಟು ಹಳ್ಳಿ ಹೊಕ್ಕ ಕೂಡಲೇ ಸಿಗುವ ರಸ್ತೆ ಉಬ್ಬುಗಳಿಗೆ ಯಾವ ರಾಜ್ಯದಲ್ಲೂ ಅಳತೆಯಿಲ್ಲ.

ಪ್ರಶ್ನೆ: ಅಲ್ಲಿನ ಪೊಲೀಸರು ಬಹಳ ಕಟ್ಟುನಿಟ್ಟಂತೆ?

ಕೆಂಪು ದೀಪ ದಾಟಿದರೆ ದಂಡ ಕಟ್ಟಿ ನಗುತ್ತ ಹೋಗುವ ವ್ಯವಹಾರವಲ್ಲ, ಒಳಗೆ ಕೂರಿಸಬಹುದು. ಕುಡಿದು ಓಡಿಸುವುದು, ಮೊಬೈಲ್ ಹಿಡಿಯುವುದು ಸಲ್ಲದು. ಮುಂದಿನವನಿಗೆ ಕೈಸನ್ನೆಯಲ್ಲಿ ಬೈದರೆ ಅದೂ ದೂರಾಗುತ್ತದೆ. ಹಾರ್ನ್ ಅನ್ನು ನಮ್ಮಲ್ಲಿಯಂತೆ ಬಳಸಬೇಡಿ. ಉಳಿದಂತೆ ಪೊಲೀಸರು ಸೌಜನ್ಯದವರು, ಕೆಟ್ಟುನಿಂತ ಕಾರಿನ ಪಕ್ಕ ತಾವಾಗಿ ನಿಲ್ಲಿಸಿ ವಿಚಾರಿಸುತ್ತಾರೆ.

ಪ್ರಶ್ನೆ: ಕಾರು ಹಿಂದಿರುಗಿಸುವಾಗ ಏನು ನೋಡಿಕೊಳ್ಳಬೇಕು?

ಮೊದಲು ತೊಳೆಸಿ. ತೀರ ಕೊಳಕಾದ ಕಾರು ಓಡಿಸಿದರೆ ಒಮಾನ್‌ನಲ್ಲಿ ದಂಡ ಹಾಕುವುದುಂಟು. ಅದಕ್ಕಿಂತ ಹೆಚ್ಚಾಗಿ, ಧೂಳಿನಡಿಯ ಗೀರನ್ನು ನೀವು ನೋಡದಿದ್ದರೆ ಅವರು ನೋಡುತ್ತಾರೆ. ಮರಳಿನ ಗಾಳಿಯಲ್ಲಿ ಮುಂದಿನ ಗಾಜು, ಬಂಪರು ಸಣ್ಣಗೆ ಮಸುಕಾಗಿರಬಹುದು. ಆದ್ದರಿಂದ ಪಡೆಯುವ ದಿನವೇ ಬಿಸಿಲಿನಲ್ಲಿ ನಿಲ್ಲಿಸಿ ಸುತ್ತಲೂ ವಿಡಿಯೊ ಮಾಡಿಕೊಂಡಿರಿ, ಚಕ್ರದ ರಿಮ್‌ಗಳನ್ನೂ ಮುಂಬಂಪರಿನ ಅಡಿಯನ್ನೂ ಬಿಡದೆ. ಟ್ಯಾಂಕ್ ತುಂಬಿಸಿ ಕೊಡಿ, ಠೇವಣಿ ಬಿಡುಗಡೆಯ ದಿನಾಂಕವನ್ನು ಬರೆಸಿಕೊಳ್ಳಿ. ಸೀಟಿನ ಕೆಳಗೆ, ಮಡಚಿದ ಟಾಪಿನ ಸಂದಿಯಲ್ಲಿ ಕೈಯಾಡಿಸಿ ನೋಡಿ. ಟಾಪ್ ತೆರೆದ ಕಾರಿನಲ್ಲಿ ಪಾಸ್‌ಪೋರ್ಟ್ ಜಾರಿ ಕೂರುವ ಜಾಗ ಅದೇ.